ಹಳ್ಳದ ಮರಳಿನಲ್ಲಿ ನಿಂತ ಕಾರು

ದಸರೆಯ ಬೆಳಿಗ್ಗೆ ಉಮರೇಡ್ ಆಚೆಯ ಕಾಡಿನಿಂದ ಬಸ್ಸು ಹಿಡಿದು ಬಂದ ಅಡುಗೆಯವ ನಾಗಪುರದ ಜಯವ್ವನ ಮನೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದ. ಕಲ್ಲಿದ್ದಲು ಸರ್ವೆ ಶಿಬಿರದಲ್ಲಿದ್ದ ಅವಳ ತಮ್ಮ ಭೀಮಪ್ಪನಿಗೆ ಮಲೇರಿಯಾ ಜ್ವರ, ಮೇಲೇಳುವ ಹಾಗೂ ಇಲ್ಲ. ಶಿಬಿರದ ಜೀಪು ಹಬ್ಬಕ್ಕೆ ಹೋದವರ ಜೊತೆ ಹೋಗಿಬಿಟ್ಟಿದೆ.

"ಹೊತ್ತು ಮುಳುಗೋದ್ರಾಗ ಅವನ್ನ ದವಾಖಾನಿಗೆ ಸೇರಸಬೇಕ್ರೀ. ಜಲ್ದಿ ಗಾಡಿ ತಗೀರಿ," ಎಂದಳು ಜಯವ್ವ ಗಂಡನಿಗೆ.

ಗಂಡ ಮಹಾಂತಪ್ಪನಿಗೆ ತನ್ನ ಹಳೆಯ ಡೀಸೆಲ್ ಅಂಬಾಸಿಡರ್ ಎಂದರೆ ಪಂಚಪ್ರಾಣ. ಹಿಂದಿನ ದಿನವಷ್ಟೇ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ಅದರ ಮೈಯೆಲ್ಲ ತೊಳೆದಿದ್ದ. ನೆರೆಮನೆಯ ಬೋಪಣ್ಣ ವಾಯುಸೇನೆಯಿಂದ ನಿವೃತ್ತನಾದ ಕೊಡಗಿನವ. ಕಾಡು ಎಂದದ್ದೇ ತಡ, ಸ್ಪ್ಯಾನರು, ಪಾನಾಗಳ ಚೀಲ ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟ.

ಅಡುಗೆಯವ ಹಿಂದೆ ಕೂತು ದಾರಿ ತೋರಿಸಿದ. ಉಮರೇಡ್ ದಾಟಿದ ಮೇಲೆ ಡಾಂಬರು ಮುಗಿಯಿತು. ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು. ಕಾರಿಗಿಂತ ಎತ್ತರಕ್ಕೆ ಬೆಳೆದ ಹುಲ್ಲು ಎರಡೂ ಕಡೆಯಿಂದ ಬಾಗಿಲು ಸವರುತ್ತಿತ್ತು. ತೇಗದ ಅಗಲ ಎಲೆಗಳ ನಡುವೆ ಬಿಸಿಲು ಚೂರುಚೂರಾಗಿ ಬೀಳುತ್ತಿತ್ತು. ಬಿದಿರು ಮೆಳೆಯ ಮೇಲಿದ್ದ ಮುಸುವಗಳು ಕಾರು ಕುಲುಕುತ್ತ ಹೋಗುವುದನ್ನು ಕೂತಲ್ಲಿಂದಲೇ ನೋಡಿದವು. ಜಯವ್ವನಿಗೆ ಇದಾವುದೂ ಬೇಕಿರಲಿಲ್ಲ.

ಶಿಬಿರದಲ್ಲಿ ಭೀಮಪ್ಪ ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದ. ಅಕ್ಕನ ಗುರುತೂ ಹತ್ತಲಿಲ್ಲ. ಗಂಡಸರು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು; ತಲೆಯನ್ನು ಜಯವ್ವ ತೊಡೆಯ ಮೇಲಿಟ್ಟುಕೊಂಡಳು. ಅಡುಗೆಯವ ಶಿಬಿರದಲ್ಲೇ ಉಳಿದ.

ಮರಳುವಾಗ ಹಳ್ಳ ದಾಟುವಲ್ಲಿ ಚಕ್ರ ಮರಳಿಗೆ ಸಿಕ್ಕಿ ಎಂಜಿನ್ ನಿಂತಿತು.

ಮಹಾಂತಪ್ಪ ಕೀ ತಿರುಗಿಸಿದ. ಟಕ್! ಅಷ್ಟೇ. ಮತ್ತೊಮ್ಮೆ. ಟಕ್!

ಇಬ್ಬರೂ ಇಳಿದು ತಳ್ಳಿದರು. ಚಕ್ರ ಮರಳಿನಲ್ಲಿ ಇನ್ನಷ್ಟು ಕೂತಿತು.

"ಲೈಟ್ ಹಾಕಿ," ಎಂದ ಬೋಪಣ್ಣ. ದೀಪ ಝಗ್ಗೆಂದು ಹತ್ತಿತು. "ಬ್ಯಾಟರಿ ಚೆನ್ನಾಗಿದೆ. ಈಗ ಕೀ ತಿರುಗಿಸಿ." ದೀಪ ಪೂರ್ತಿ ಆರಿತು. "ನೋಡಿದ್ರಾ? ಕರೆಂಟ್ ಇದೆ, ದಾರಿ ಸಿಗ್ತಿಲ್ಲ. ಎಲ್ಲೋ ಒಂದು ಜೋಡಣೆ ಸರಿಯಾಗಿ ಕೂತಿಲ್ಲ. ಅದು ಬಿಸಿ ಆಗಿರುತ್ತೆ, ಮುಟ್ಟಿ ನೋಡಬೇಕು."

ಬ್ಯಾಟರಿಯ ಎರಡೂ ತುದಿ ಮುಟ್ಟಿದರು. ತಣ್ಣಗಿದ್ದವು. ಸ್ಟಾರ್ಟರಿನ ದಪ್ಪ ವೈರು, ಅದೂ ತಣ್ಣಗೆ. ಬ್ಯಾಟರಿಯ ಕೆಳಗೆ, ಅರ್ಥಿಂಗ್ ವೈರನ್ನು ಕಾರಿನ ಮೈಗೆ ಬಿಗಿದ ಬೋಲ್ಟಿನವರೆಗೆ ಗಂಡಸರ ಕೈ ಹೋಗಲಿಲ್ಲ. ಜಯವ್ವ ತಮ್ಮನ ತಲೆಯಡಿ ಚೀಲವಿಟ್ಟು ಇಳಿದು ಕೈ ತೂರಿಸಿದಳು.

"ಅಯ್ಯ ಶಿವನೇ! ಕಾದ ಹಂಚಿನಂಗ ಸುಡಾಕತ್ತೈತಿ!"

ಬೋಪಣ್ಣ ಉದ್ದದ ಪಾನಾ ಹಾಕಿ ಬೋಲ್ಟು ಬಿಚ್ಚಿದ. ವೈರಿನ ಅಡಿಯಲ್ಲಿ ಬೆಳ್ಳನೆಯ ದಪ್ಪ ಪದರ.

ವಿಭೂತಿ!

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಪೂಜೆಗೆಂದು ಮಹಾಂತಪ್ಪ ಬ್ಯಾಟರಿ ಇಳಿಸಿ, ವೈರು ಬಿಚ್ಚಿ ಅಲ್ಲಿಯ ತುಕ್ಕು ಕೆರೆದಿದ್ದ. ಹೊಳೆಯುವ ಕಬ್ಬಿಣ ಕಂಡು ಜಯವ್ವ ಅಲ್ಲಿಗೂ ಧಾರಾಳವಾಗಿ ವಿಭೂತಿ ಬಳಿದಿದ್ದಳು. ಅದರ ಮೇಲೆಯೇ ಅವನು ವೈರು ಬಿಗಿದಿದ್ದ. ಕರೆಂಟಿಗೆ ಅಡ್ಡವಾದ ಆ ಬೂದಿಯ ನಡುವೆ ಮನೆಯಲ್ಲಿ ಹೇಗೋ ತಾಗಿಕೊಂಡಿದ್ದ ವೈರು ಕಾಡುದಾರಿಯ ಕುಲುಕಾಟಕ್ಕೆ ಸಡಿಲವಾಗಿತ್ತು.

"ಬಿಗಿಯೋ ಮೊದಲು ಒರೆಸೋಕೆ ಏನಾಗಿತ್ತು ಮಾರಾಯ್ರೆ?" ಎಂದ ಬೋಪಣ್ಣ.

"ದೇವರ ಭಸ್ಮ ಹ್ಯಾಂಗ ಒರಸೋದ್ರೀ?" ಮಹಾಂತಪ್ಪ ಮರಳುಕಾಗದ ಹಿಡಿದು ಈಗಲೂ ಹಿಂದೆಮುಂದೆ ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ಭೀಮಪ್ಪ ನರಳಿದ.

ಜಯವ್ವ ಕಾಗದ ಕಿತ್ತುಕೊಂಡಳು. "ಶಿವ ಸಿಟ್ಟಾದ್ರ ನನ್ನ ಮ್ಯಾಲೆ ಆಗ್ಲಿ. ನನಗ ತಮ್ಮ ಬೇಕು."

ಸೆರಗಿನಿಂದ ಒರೆಸಿದಳು, ಕಾಗದದಿಂದ ಉಜ್ಜಿದಳು. ಕೈ ನಿಲ್ಲಲಿಲ್ಲ. ಕಬ್ಬಿಣ ಬೆಳ್ಳಗೆ ಮಿನುಗಿದ ಮೇಲೆ ಬೋಪಣ್ಣ ಬೋಲ್ಟು ಬಿಗಿದ.

"ಸ್ವಲ್ಪ ತಡೀರಿ, ಡೀಸೆಲ್ ಗಾಡಿ, ಮೊದಲು ಎಂಜಿನ್ನಿನ ಹೀಟರ್ ಕಾಯಲಿ. ಹ್ಞಾಂ, ಈಗ!"

ಎಂಜಿನ್ ಕೆಮ್ಮಿತು, ಕರಿಹೊಗೆ ಉಗುಳಿತು, ಗುಡುಗಿತು. ಟೈರಿನಡಿ ಬಿದಿರು ಕಡ್ಡಿ ಹಾಸಿ ಹಳ್ಳ ಹತ್ತಿಸಿದರು. ಆಮೇಲೆ ದವಾಖಾನೆ ಬರುವವರೆಗೂ ಮಹಾಂತಪ್ಪ ಎಂಜಿನ್ ಆರಿಸುವ ಧೈರ್ಯ ಮಾಡಲಿಲ್ಲ.

ನಾಗಪುರ ಸೇರಿದಾಗ ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಡಾಕ್ಟರು ಕೂಡಲೇ ಭೀಮಪ್ಪನಿಗೆ ಸೂಜಿ ಹಾಕಿ, ಸಲಾಯಿನ್ ಏರಿಸಿದರು.

ಮರುದಿನ ಮುಂಜಾನೆ ಜ್ವರ ಇಳಿದಿತ್ತು. ಭೀಮಪ್ಪ ಕಣ್ಣು ಬಿಟ್ಟು ಪಕ್ಕದಲ್ಲಿ ಕೂತಿದ್ದ ಜಯವ್ವನನ್ನೇ ನೋಡಿದ.

"ಅಕ್ಕಾ, ಹಸಿವಾಗೇತಿ."

ಕಾಡಿನಲ್ಲಿ ಒಂದು ಹನಿ ಕಣ್ಣೀರು ಹಾಕದ ಜಯವ್ವ ಈಗ ಗಳಗಳನೆ ಅತ್ತಳು. ಮಹಾಂತಪ್ಪ ಹಾಲು ತರಲು ಮೆಟ್ಟಿಲಿಳಿದು ಓಡುತ್ತ, ನರ್ಸು ಗದರಿದರೂ ಕೇಳದೆ, ಕೆಳಗೆ ಕಾರಿನ ಬಳಿ ನಿಂತಿದ್ದ ಬೋಪಣ್ಣನಿಗೆ ಕೂಗುತ್ತಿದ್ದ: "ಬೋಪಣ್ಣನವರ, ನಮ್ಮ ಹುಡುಗ ಉಣ್ಣಾಕ ಕೇಳಾಕತ್ತಾನ!"