ಮಂಚದ ಪಕ್ಕದ ತಂಬಿಗೆ

ಇದು ನಡೆದದ್ದು ಅಮೆರಿಕದ ಹರ್ನ್‌ಡನ್ನಿನ ನಮ್ಮ ಮನೆಯಲ್ಲಿ, ಹಾಡಹಗಲೇ. ನಾನೊಬ್ಬನೇ ಅಲ್ಲ, ಮಗಳು ಸ್ಮಿತಾ ಕೂಡ ನೋಡಿದ್ದಾಳೆ.

ಇಟಲಿಗೆ ಹೋಗಿ, ಗುಡ್ಡದ ಮೇಲಿನ ಹಳೆಯ ಊರೊಂದರಲ್ಲಿ ಒಂದು ರಾತ್ರಿ ಉಳಿಯಬೇಕೆಂಬುದು ನನ್ನ ಹೆಂಡತಿ ವಿಜಯಶ್ರೀಯ ಆಸೆ. ಮೂರು ಊರುಗಳನ್ನು ಗುರುತು ಹಾಕಿಟ್ಟಿದ್ದಳು. ಒಂದನ್ನು ಆರಿಸಿಕೊಡದೆ ನಾನು ದಿನ ದೂಡಿದೆ. ಇಪ್ಪತ್ತೊಂದರಲ್ಲಿ ಕೋವಿಡ್ ಅವಳನ್ನು ಒಯ್ದಿತು.

ಈ ಏಪ್ರಿಲ್‌ನಲ್ಲಿ ಸ್ಮಿತಾ ಲ್ಯಾಪ್‌ಟಾಪ್ ತಂದಿಟ್ಟಳು. "ಅಪ್ಪಾ, ಇವತ್ತು ಒಂದು ಪಿಕ್ ಮಾಡು. ನಾವಿಬ್ರೂ ಹೋಗೋಣ."

ಮೊದಲ ಊರಿನ ಕೋಣೆಯ ಚಿತ್ರ ತೆರೆದೆವು. ಮಂಚದ ಪಕ್ಕ ತಾಮ್ರದ ತಂಬಿಗೆ, ಅದರ ಮೇಲೆ ಬೋರಲು ಹಾಕಿದ ಲೋಟ. ವಿಜಯಶ್ರೀ ಮಲಗುವಾಗ ದಿನಾ ಹಾಗೆಯೇ ಇಟ್ಟುಕೊಳ್ಳುತ್ತಿದ್ದಳು. ನಾನೊಮ್ಮೆ ಬೀಳಿಸಿದಾಗ ಆದ ನೆಗ್ಗು ಸಹ ಅಲ್ಲಿತ್ತು.

"ಅಪ್ಪಾ, ಇದು ಅಮ್ಮಂದು ಅಲ್ವಾ?"

ಎರಡನೆಯ ಊರಿನ ಕೋಣೆಯಲ್ಲೂ ಅದೇ ತಂಬಿಗೆ, ಅದೇ ನೆಗ್ಗು. ಮುಂದಿನದನ್ನು ಬೇಗ ತೆರೆಯಲು ಹೇಳಿದೆ. ಮೂರನೆಯದರಲ್ಲಿ ಮಾತ್ರ ಇರಲಿಲ್ಲ.

"ಇದನ್ನ ಬುಕ್ ಮಾಡಿಬಿಡವ್ವಾ," ಎಂದೆ.

ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಹೆದರಿ, ಅವಳಿಲ್ಲದ ಊರನ್ನು ಆರಿಸಿದ್ದೆ.

ಆಮೇಲೆ ಮನಸ್ಸು ತಡೆಯದೆ ಮೊದಲ ಎರಡು ಚಿತ್ರಗಳನ್ನು ಮತ್ತೆ ತೆಗೆಸಿದೆ. ತಂಬಿಗೆ ಇರಲಿಲ್ಲ. ಅದಿದ್ದ ಜಾಗದಲ್ಲಿ ನೀರಿನ ದುಂಡು ಗುರುತಷ್ಟೇ ಇತ್ತು. ಸ್ಮಿತಾ ಓಡಿಹೋಗಿ ಅಡುಗೆಮನೆಯ ಕಪಾಟು ತೆಗೆದಳು. ಅವಳಮ್ಮ ಹೋದಾಗಿನಿಂದ ಯಾರೂ ಮುಟ್ಟದ ತಂಬಿಗೆ ಅಲ್ಲಿಯೂ ಇಲ್ಲ. ಹಲಗೆಯ ಮೇಲೆ ಅಂಥದೇ ಒದ್ದೆ ಗುರುತು.

ದಿನಾ ಒರೆಸುತ್ತೇನೆ. ಇವತ್ತಿಗೂ ಆರಿಲ್ಲ.