ಪೂಜೆಯ ಮರುದಿನ ಮಾತು ಬಿಟ್ಟ ಯಂತ್ರಗಳು

ದಶಮಿಯ ಮುಂಜಾನೆ ನಾನು ಭಾಗೀರಥಿಬಾಯಿಯವರ ಮನೆಯ ಮುಂದೆ ಜೀಪು ತೊಳೆಯುತ್ತಿದ್ದಾಗ ಮೌಲಾಸಾಬ ಮಗಳನ್ನು ಕರೆದುಕೊಂಡು ಬಂದ. ಬಂದವನು ಸಲಾಮು ಸಹ ಹೇಳದೆ ಕಟ್ಟೆಯ ಮೇಲೆ ಕೂತುಬಿಟ್ಟ. ಮಗಳು ನಜಮಾ ನಿಂತೇ ಇದ್ದಳು. ಅತ್ತಿರಲಿಲ್ಲ. ಆದರೆ ದುಪಟ್ಟಾದ ಅಂಚನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

"ಬಾಯಾರ್ನ ಕರಿ ಯಮನೂರ," ಎಂದ ಮೌಲಾಸಾಬ. "ನನ್ನ ಮಗಳನ್ನ ಕಳ್ಳಿ ಮಾಡ್ಯಾರ."

ಭಾಗೀರಥಿಬಾಯಿ ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಪೊಲೀಸ್ ಠಾಣೆಗೆ ಹೋಗಲು ಅಂಜುವವರು ಅವರ ಮನೆಗೆ ಬರುತ್ತಿದ್ದರು. ನಾನು ಶಿಗ್ಲಿಯ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಪಾಟಿ ಬಿಟ್ಟವನು, ಗದಗ–ಲಕ್ಷ್ಮೇಶ್ವರ ಜೀಪು ಓಡಿಸುವವನು. ಅವರು ಇಂಥ ಕೆಲಸಕ್ಕೆ ಹೊರಟಾಗಲೆಲ್ಲ ಕರೆದುಕೊಂಡು ಹೋಗುವುದು ನನ್ನ ಪಾಲಿನದು. ಅವರ ತಲೆ ತಂಪು, ನನ್ನದು ಬಿಸಿ.

ಇದು ಎಂಬತ್ತೊಂಬತ್ತರ ಮಾತು. ಆಗ ವಾಸುದೇವ ಎಂಬವನು ಪುಣೆಯ ನೌಕರಿ ಬಿಟ್ಟು ಬಂದು ಬೆಟಗೇರಿಯ ಒಂದು ಮಾಳಿಗೆಯ ಮೇಲೆ ಕಂಪ್ಯೂಟರ್ ತರಗತಿ ತೆರೆದಿದ್ದ. ಅಲ್ಲಿ ಸರ್ವರ್ ಎಂಬ ಒಂದು ದೊಡ್ಡ ಯಂತ್ರ. ಎಲ್ಲರ ಕೆಲಸವೂ ಅದರ ಹೊಟ್ಟೆಯಲ್ಲಿ. ಅದರಿಂದ ಹೊರಟ ಒಂದೇ ಕರಿಯ ಕೇಬಲ್ ನಾಲ್ಕು ಸಣ್ಣ ಯಂತ್ರಗಳ ಬೆನ್ನು ಮುಟ್ಟಿಕೊಂಡು ಹೋಗುತ್ತಿತ್ತು. ಈ ಯಂತ್ರಗಳು ಒಂದಕ್ಕೊಂದು ಮಾತಾಡುವಂತೆ ಮಾಡುವುದು, ಸರ್ವರನ್ನು ಕಾಯುವುದು ಹೇಗೆಂದು ಹುಡುಗರು ಅಲ್ಲಿ ಕಲಿಯುತ್ತಿದ್ದರು. ಒಂದು ನೂಲಿನ ಗಿರಣಿಯವರು ತಮ್ಮಲ್ಲಿಯೂ ಇಂಥದೇ ಹಾಕಿಸಲು ಹೊರಟಿದ್ದರು. ಅದನ್ನು ನೋಡಿಕೊಳ್ಳಲು ಈ ತರಗತಿಯಿಂದ ಒಬ್ಬರನ್ನು ಆರಿಸಲು ದಶಮಿಯ ಒಳ್ಳೆಯ ದಿನವನ್ನೇ ಗೊತ್ತುಮಾಡಿದ್ದರು. ಎಲ್ಲರಿಗಿಂತ ಮುಂದಿದ್ದವಳು ನಜಮಾ. ಅವಳ ಹಿಂದೆಯೇ ಮುಂಡರಗಿಯ ಹೇಮಪ್ಪ.

ನಿನ್ನೆ ಖಂಡೇನವಮಿ, ಆಯುಧಪೂಜೆಯ ದಿನ. ಮುಂಜಾನೆ ಯಂತ್ರಗಳನ್ನೆಲ್ಲ ಒರೆಸಿ, ಚಾಲೂ ಮಾಡಿ ನೋಡಿ, ಬಂದ್ ಮಾಡಿ, ಸಂಜೆ ಪೂಜೆ ಮಾಡಿದ್ದರು. ಓಣಿಯ ಜನ ಬಂದು ಪ್ರಸಾದ ತೆಗೆದುಕೊಂಡು ಹೋದ ಮೇಲೆ ನಜಮಾ ಕೀಲಿ ಹಾಕಿಕೊಂಡು ಬಂದಿದ್ದಳು. ಇವತ್ತು ವಾಸುದೇವ ತನ್ನ ಕೀಲಿಕೈಯಿಂದ ತೆಗೆದು ನೋಡಿದರೆ ಸಣ್ಣ ಯಂತ್ರ ಸರ್ವರನ್ನು ಕಾಣೆನೆನ್ನುತ್ತಿತ್ತು. ಕೀಲಿಕೈ ಇದ್ದದ್ದು ಅವರಿಬ್ಬರ ಹತ್ತಿರ ಮಾತ್ರ, ಸರ್ವರಿನ ಪಾಸ್‌ವರ್ಡ್ ಗೊತ್ತಿದ್ದದ್ದೂ ಅದೇ ಇಬ್ಬರಿಗೆ. ಅವನು ಎಲ್ಲರ ಎದುರಿಗೆ ನಜಮಾಳನ್ನು ಕಳ್ಳಿಯೆಂದು ಬೈದು ಹೊರಗೆ ಹಾಕಿದ್ದ.

"ಗಿರಣಿಯವರು ಮಧ್ಯಾಹ್ನದ ಗಾಡಿಗೆ ಬರ್ತಾರ," ಎಂದಳು ನಜಮಾ. "ಅವರ ಮುಂದ ನನ್ನ ಹೆಸರು ಹೇಳಿದ್ರ ಮುಗೀತು ಬಾಯಾರ. ಮುಂದ ಯಾರೂ ನನ್ನ ಮಷಿನ್ ಮುಟ್ಟಾಕ ಬಿಡೂದಿಲ್ಲ."

ಭಾಗೀರಥಿಬಾಯಿ ಒಳಗೆ ಹೋಗಿ ಸೆರಗು ಸರಿಮಾಡಿಕೊಂಡು ಬಂದರು. "ನಡಿ ಯಮನೂರ," ಎಂದರು, ಅಷ್ಟೇ.

ಮಾಳಿಗೆಯ ಬಾಗಿಲಲ್ಲಿಯೇ ವಾಸುದೇವ ಎದುರಾದ. ಚಿಕ್ಕಂದಿನಲ್ಲಿ ಬಾಯಿಯವರ ಹತ್ತಿರ ಲೆಕ್ಕ ಕಲಿತವನು, ಅದಕ್ಕೆ ಅವರನ್ನು ತಡೆಯಲಿಲ್ಲ. ಆದರೆ ನಜಮಾ ಹೊಸ್ತಿಲು ದಾಟಕೂಡದೆಂದ. ಅವಳು ಅಪ್ಪನ ಜೊತೆ ಮೆಟ್ಟಿಲ ಮೇಲೆ ಕೂತಳು. ನನ್ನ ಮೈ ಉರಿಯಿತು. ಬಾಯಿಯವರು ನನ್ನ ತೋಳು ಮುಟ್ಟಿ ಒಳಗೆ ಕರೆದೊಯ್ದರು.

ಒಳಗೆ ಪೂಜೆ ಇನ್ನೂ ಎತ್ತಿರಲಿಲ್ಲ. ಯಂತ್ರಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು. ಸರ್ವರಿನ ಮತ್ತು ಅದರ ಪಕ್ಕದ ಯಂತ್ರದ ಮುಂದಿನ ಹೂವು ಮಾತ್ರ ನೆಲಕ್ಕೆ ಬಿದ್ದಿದ್ದವು. ಮೂಲೆಯಲ್ಲಿ ಗೋಡೆಗೆ ಬಾಳೆಕಂಬ ಕಟ್ಟಿತ್ತು. ವಾಸುದೇವ ಸರ್ವರಿನ ಮುಂದೆ ಬೆವರುತ್ತ ಕೂತ. ನಜಮಾ ಪಾಸ್‌ವರ್ಡ್ ಬಳಸಿ ಒಳಗೆ ಏನೋ ಕೆಡಿಸಿದ್ದಾಳೆ, ಎಲ್ಲಿ ಎಂದು ಮುಂಜಾನೆಯಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ ಎಂದ.

ಕಸ ಹೊಡೆಯುವ ರೇಣುಕವ್ವ ಬಾಗಿಲ ಮರೆಯಲ್ಲಿ ಸಿಟ್ಟಿನಿಂದ ನಿಂತಿದ್ದಳು. ಬಾಯಿಯವರು ಕೇಳಿದ್ದೇ ತಡ, ಎಲ್ಲವನ್ನೂ ಸುರಿದಳು. ಮುಂಜಾನೆ ಬಾಗಿಲು ತೆಗೆದಾಗ ತಾನು ವಾಸುದೇವನ ಬೆನ್ನಿಗೇ ಇದ್ದಳಂತೆ. ಒಂದೊಂದು ಹೂವೂ ತಾನು ಇಟ್ಟಲ್ಲೇ ಇತ್ತಂತೆ. ಪೂಜೆ ಎತ್ತುವ ಮೊದಲೇ ಈ ಸಾಹೇಬ ಕೈಯಿಂದ ಹೂವು ಕೆಡವಿ ಎರಡು ಯಂತ್ರ ಚಾಲೂ ಮಾಡಿದನಂತೆ, ಇಂಥವರಿಗೆ ಒಳ್ಳೆಯದಾಗುತ್ತದೆಯೇ? ನಿನ್ನೆ ಆರತಿಯಾದ ಮೇಲೆ ಯಾರಾದರೂ ಏನಾದರೂ ಮುಟ್ಟಿದರೇ ಎಂದು ಬಾಯಿಯವರು ಕೇಳಿದರು. ಯಾರೂ ಇಲ್ಲ, ಬಾಳೆಕಂಬ ಜಾರಿತ್ತು, ಆರತಿ ಮಾಡಿದ ಹೇಮಪ್ಪನೇ ಬರಿಮೈಯಲ್ಲಿ, ಪಂಚೆ ಕಟ್ಟಿಕೊಂಡು ಕೂತು ಅದನ್ನು ನೆಟ್ಟಗೆ ಮಾಡಿದ ಎಂದಳು.

ಹೇಮಪ್ಪ ಅಲ್ಲೇ ಕಿಟಕಿಯ ಹತ್ತಿರ ಇದ್ದ. ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು.

"ಪೂಜಿ ಆದ ಸಾಮಾನು ನಮ್ಮಂಥವರು ಯಾರೂ ಮುಟ್ಟೂದಿಲ್ಲರಿ ಬಾಯಾರ," ಎಂದ. "ಯಾರಿಗೆ ಅದರ ಅಂಜಿಕಿ ಇಲ್ಲೋ ಅವರು ಮುಟ್ಟಿರಬೇಕು."

ನಾನು ಅವನ ಕೊರಳಪಟ್ಟಿ ಹಿಡಿದೆ. "ನಮ್ಮಂಥವರು ಅಂದ್ರ ಯಾರಲೇ?"

"ಬಿಡು ಯಮನೂರ," ಎಂದರು ಬಾಯಿಯವರು. "ಆತ ಹೇಳಿದ್ದು ಖರೆ ಐತಿ."

ನನಗೆ ಅವರ ಮೇಲೂ ಸಿಟ್ಟು ಬಂತು. ಕೈ ಬಿಟ್ಟೆ.

ಅವರು ವಾಸುದೇವನ ಕಡೆ ತಿರುಗಿ, ಮುಂಜಾನೆ ಮೊದಲು ಬಂದವರು ಯಾರು, ಏನೆಂದರು ಎಂದು ವಿಚಾರಿಸಿದರು. ತಾನು ಒಂದು ಸಣ್ಣ ಯಂತ್ರ ಹಚ್ಚಿ ತಲೆ ಕೆಡಿಸಿಕೊಂಡಿದ್ದಾಗ ಹೇಮಪ್ಪ ಮೆಟ್ಟಿಲು ಹತ್ತುತ್ತ ಬಂದನಂತೆ. ಸರ್ವರ್ ಸಿಗುತ್ತಿಲ್ಲ ಎಂದು ಕೂಗಿ ಹೇಳಿದ್ದಕ್ಕೆ, ನಾಲ್ಕೂ ಒಮ್ಮೆಗೇ ಬಂದ್ ಬಿದ್ದಿವೆಯೆಂದರೆ ಇದು ಪಾಸ್‌ವರ್ಡ್ ಇದ್ದವರ ಕೆಲಸವೇ ಎಂದನಂತೆ. ಅದು ತನಗೂ ಸರಿಯೆನಿಸಿತು ಎಂದ ವಾಸುದೇವ. ಬಾಯಿಯವರು ತಲೆಯಾಡಿಸಿ ಹೊರಗೆ ನಡೆದರು.

ಮೆಟ್ಟಿಲ ಮೇಲೆ ನಜಮಾಳ ಪಕ್ಕ ಕೂತು, "ನನಗ ಈ ವಿದ್ಯಾ ತಿಳಿಯೂದಿಲ್ಲವ್ವ," ಎಂದರು. "ಒಳಗ ಹುಡುಕಿದ್ರ ಏನೂ ಕೆಟ್ಟದ್ದು ಸಿಗವಲ್ಲದು ಅಂತಾನ ವಾಸು. ಹಂಗಿದ್ರ ಯಾಕ ಮಾತಾಡವಲ್ಲವು?"

ನಜಮಾ ಸ್ವಲ್ಪ ಯೋಚಿಸಿದಳು. "ಕೇಬಲ್ಲಿನ ಎರಡೂ ತುದಿಗೆ ಒಂದೊಂದು ಮುಚ್ಚಳಿಕಿ ಇರ್ತೈತ್ರಿ, ಬೆರಳ ತುದಿಯಷ್ಟು. ನೋಡಿದವರಿಗೆ ಕೆಲಸಕ್ಕ ಬಾರದ್ದು ಅನಸ್ತೈತಿ. ಅದು ಹೋದ್ರ ಕಳಿಸಿದ ಮಾತು ತುದಿಗೆ ಬಡಿದು ಹೊಳ್ಳಿ ಬರ್ತೈತಿ. ವಿಜಾಪುರದ ಗುಮ್ಮಟದಾಗ ಎಲ್ಲಾರೂ ಒಮ್ಮೆಗೇ ಒದರಿದಂಗ. ಯಾರದೂ ಯಾರಿಗೂ ಕೇಳೂದಿಲ್ಲ."

"ಎಲ್ಲಿರ್ತಾವ ಅವು?"

"ಒಂದು ಸರ್ವರ್ ಬೆನ್ನಿಗೆ. ಇನ್ನೊಂದು ಮೂಲ್ಯಾಗ. ಮುಂದ ಇನ್ನೊಂದು ಮಷಿನ್ ಬಂದ್ರ ಇರಲಿ ಅಂತ ಸರ್ ಅಲ್ಲೀತನಕ ಕೇಬಲ್ ಎಳದಾರ."

ನಾವು ಒಳಗೆ ಹೋಗಿ ನೋಡಿದೆವು. ಸರ್ವರಿನ ಬೆನ್ನಿಗೆ ಮುಚ್ಚಳಿಕೆ ಇತ್ತು. ಬಾಳೆಕಂಬದ ಹಿಂದೆ ಕೈ ಹಾಕಿ ನಾನು ಕೇಬಲ್ಲಿನ ತುದಿ ಎಳೆದೆ. ಬೋಳಾಗಿತ್ತು. ವಾಸುದೇವನ ಮುಖ ಬಿಳಿಚಿತು. ನಾನು ಹಿಗ್ಗಿದೆ, ಹುಡುಗಿ ಗೆದ್ದಳೆಂದುಕೊಂಡೆ. ಆದರೆ ಹೇಮಪ್ಪ ಕಿಟಕಿಯಿಂದಲೇ ಹೇಳಿದ, "ನೋಡ್ರಿ ಸರ್. ಹೊರಗ ಕುಂತಾಕಿಗೆ ಎಲ್ಲಿ ಏನು ಹೋಗೇತಿ ಅನ್ನೂದು ಹೆಂಗ ಗೊತ್ತಾತು?"

ವಾಸುದೇವ ಹೌದೆಂದು ಎದ್ದು ನಿಂತ. ಅವಳು ಕೇಬಲ್ಲಿನ ಮುಚ್ಚಳಿಕೆ ಮರಳಿ ಕೊಡದಿದ್ದರೆ ಪೊಲೀಸರನ್ನು ಕರೆಸುತ್ತೇನೆಂದ. ಬೇರೆ ಮುಚ್ಚಳಿಕೆ ಗದಗದಲ್ಲಿ ಸಿಗುವುದಲ್ಲ, ಪುಣೆಯಿಂದ ಬರಬೇಕು. ಬಾಗಿಲ ಹೊರಗೆ ಮೌಲಾಸಾಬ ಮಗಳ ತಲೆಯ ಮೇಲೆ ಕೈ ಇಟ್ಟು ನಿಂತಿದ್ದ. ನಾನು ಏನೂ ಓದಿಕೊಂಡು ಬಂದವನಲ್ಲ, ಆದರೂ ನಾವು ಎಳೆದ ಕೇಬಲ್ಲೇ ಹುಡುಗಿಯ ಕೊರಳಿಗೆ ಹಗ್ಗವಾಯಿತೆಂದು ತಿಳಿಯಿತು.

ಮಧ್ಯಾಹ್ನ ಸಮೀಪಿಸಿತ್ತು. ಅತಿಥಿಗಳು ಬರುವ ಹೊತ್ತಾಯಿತು, ಜಾಗ ಖುಲ್ಲಾ ಮಾಡೋಣ ಎಂದು ಹೇಮಪ್ಪ ಬಾಳೆಕಂಬದ ಹುರಿ ಬಿಚ್ಚತೊಡಗಿದ.

"ಅದನ್ನ ಮುಟ್ಟಬ್ಯಾಡ," ಎಂದರು ಭಾಗೀರಥಿಬಾಯಿ. ದನಿ ಏರಿರಲಿಲ್ಲ, ಆದರೆ ತರಗತಿಯಲ್ಲಿ ಬೆತ್ತ ಮೇಜಿಗೆ ತಾಗಿದ ಹಾಗಿತ್ತು. "ಪೂಜಿ ಎತ್ತೂ ಕಾಯಿ ಇನ್ನೂ ಒಡದಿಲ್ಲ. ಎಲ್ಲಾರೂ ಕುಂಡ್ರಿ. ನಜಮಾ, ಒಳಗ ಬಾ. ವಾಸು, ಆಕಿ ಬರ್ತಾಳ, ಸುಮ್ನಿರು."

ಎಲ್ಲರೂ ಜಮಖಾನೆಯ ಮೇಲೆ ಕೂತರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹೇಮಪ್ಪ ಒಂದು ಖರೆ ಮಾತು ಹೇಳ್ಯಾನ," ಎಂದು ಅವರು ಸುರುಮಾಡಿದರು. ಪೂಜೆಯಾದ ಯಂತ್ರವನ್ನು ನಂಬಿಕೆಯುಳ್ಳವರು ಮುಟ್ಟುವುದಿಲ್ಲ. ಹಾಗಾದರೆ ಯಂತ್ರಗಳನ್ನು ಯಾರಾದರೂ ಮುಟ್ಟಿದ್ದರೇ? ರೇಣುಕವ್ವ ಇಟ್ಟ ಹೂವು ಇಟ್ಟಲ್ಲೇ ಇತ್ತು. ಕೆಡಿಸಿದ್ದು ಕುಂಕುಮ ಬೀಳದ ಒಂದೇ ಒಂದು ವಸ್ತುವನ್ನು, ಮೂಲೆಯ ಕೇಬಲ್ಲಿನ ತುದಿಯನ್ನು. ನಜಮಾಳಿಗೆ ಹಗೆತನವಿದ್ದರೆ ಕೀಲಿಕೈ ಇತ್ತು, ಪಾಸ್‌ವರ್ಡ್ ಇತ್ತು. ಎದುರಿಗೆ ಕೂತು ನಾಲ್ಕು ಅಕ್ಷರ ಹೊಡೆದರೆ ಎಲ್ಲರ ಕೆಲಸವೂ ಅಳಿಸಿಹೋಗುತ್ತಿತ್ತು. ಅವಳೇಕೆ ಮೂಲೆಯಲ್ಲಿ ತಡಕಾಡಬೇಕು? ಈ ಕೆಲಸ ಮಾಡಿದವನಿಗೆ ಪಾಸ್‌ವರ್ಡ್ ಇರಲಿಲ್ಲ, ಮತ್ತು ಪೂಜೆಯ ಅಂಜಿಕೆ ಇತ್ತು. ವಾಸುದೇವನಿಗೆ ಆ ಅಂಜಿಕೆ ಇಲ್ಲವೆಂಬುದಕ್ಕೆ ನೆಲದ ಮೇಲಿನ ಹೂವೇ ಸಾಕ್ಷಿ.

"ಎರಡನೇದು. ವಾಸು ಒಂದೇ ಸಣ್ಣ ಮಷಿನ್ ಹಚ್ಚಿದ್ದ. ಒಂದು ಸಿಗವಲ್ಲದು ಅಂದ್ರ ಅದೊಂದೇ ಕೆಟ್ಟಿರಬಹುದು. ಉಳಿದ ಮೂರು ಬಂದಾಗೇ ಇದ್ವು, ಅವಕ್ಕ ಹೂವು ಇನ್ನೂ ಹಂಗೇ ಅದಾವು ನೋಡ್ರಿ. ಮೆಟ್ಟಿಲ ಮ್ಯಾಲಿದ್ದ ಹೇಮಪ್ಪಗ ನಾಲ್ಕೂ ಬಂದ್ ಬಿದ್ದದ್ದು ಹೆಂಗ ತಿಳೀತು?"

ಹೇಮಪ್ಪ ಬಾಯಿ ತೆರೆದ. ಅಂದಾಜಿಗೆ ಹೇಳಿದೆ ಎಂದ.

"ಇರಬಹುದು. ನಜಮಾನೂ ಅಂದಾಜಿಗೇ ಹೇಳಿದ್ಲು. ಆದ್ರ ಆಕಿ ಮುಚ್ಚಳಿಕಿ ಹುಡುಕ್ರಿ ಅಂದ್ಲು, ನೀ ಪಾಸ್‌ವರ್ಡ್ ನೋಡ್ರಿ ಅಂದಿ. ವಿದ್ಯಾ ಒಂದೇ, ಒಬ್ಬಾಕಿ ಅದರ ಹತ್ತರ ಕರಕೊಂಡು ಹೋದ್ಲು, ಒಬ್ಬಾಂವ ದೂರ ಒಯ್ದ."

ಬಾಯಿಯವರು ಎದ್ದು ಮೂಲೆಗೆ ಹೋದರು. ನಿನ್ನೆ ಅಲ್ಲಿ ಕೂತವನು ಹೇಮಪ್ಪನೊಬ್ಬನೇ, ಕಂಬ ನೆಟ್ಟಗೆ ಮಾಡುವ ನೆವದಿಂದ. ಉಟ್ಟದ್ದು ಪಂಚೆ, ಮೈಮೇಲೆ ಅಂಗಿ ಇಲ್ಲ, ಕಿಸೆ ಇಲ್ಲ. ಮುಂದೆ ಓಣಿಯ ಜನ, ಪ್ರಸಾದಕ್ಕೆ ಎರಡೂ ಕೈ ಒಡ್ಡಬೇಕು. ಕೈಯಲ್ಲಿದ್ದದ್ದನ್ನು ಎಲ್ಲಿ ಇಡಬೇಕು? ಅವರು ಬಾಳೆಕಂಬದ ಹೊರಗಿನ ಪದರನ್ನು ಎರಡೂ ಕೈಯಿಂದ ಸುಲಿದರು. ಒಳಗಿನ ಪದರಿಗೆ ಅಂಟಿಕೊಂಡು ಬೆರಳ ತುದಿಯಷ್ಟು ಬೆಳ್ಳಗಿನ ಲೋಹ ಮಿನುಗಿತು.

"ಕಂಬ ಎತ್ತೂ ನೆವದಾಗ ಇದನ್ನ ತಗೊಂಡು, ಗಿರಣಿಯವರ ಮುಂದ ನೀನ ಹುಡುಕಿ ಹಾಕಿ ತೋರಸಾಂವ ಇದ್ದಿ. ಹೌದಿಲ್ಲೋ?"

ಹೇಮಪ್ಪ ತಲೆ ತಗ್ಗಿಸಿದ. "ಮಷಿನ್ ಮುಟ್ಟಿಲ್ಲರಿ ನಾನು," ಎಂದ. "ದೇವರಾಣಿ ಮುಟ್ಟಿಲ್ಲ."

"ಮಷಿನ್ನಿಗೆ ಅಂಜಿದಿ," ಎಂದರು ಬಾಯಿಯವರು. "ಎದುರಿಗಿದ್ದ ಹುಡುಗಿಗೆ ಅಂಜಲಿಲ್ಲ."

ನಾನು ಬಾಗಿಲು ಬಿಟ್ಟೆ. ಅವನು ಯಾರ ಮುಖವನ್ನೂ ನೋಡದೆ ಇಳಿದುಹೋದ. ಮೌಲಾಸಾಬನ ಮುಂದೆ ಹಾಯುವಾಗ ನಿಂತ, ಏನೋ ಹೇಳಲು ನೋಡಿದ. ಮೌಲಾಸಾಬ ಮುಖ ತಿರುಗಿಸಿದ.

ರೇಣುಕವ್ವ ಕಾಯಿ ಒಡೆದಳು. ನಜಮಾ ಮುಚ್ಚಳಿಕೆಯನ್ನು ಒರೆಸಿ ಮೂಲೆಯ ತುದಿಗೆ ತಿರುವಿ ಹಾಕಿ, ಸರ್ವರಿನ ಮುಂದೆ ಕೂತಳು. ವಾಸುದೇವ ನಾಲ್ಕೂ ಯಂತ್ರ ಚಾಲೂ ಮಾಡುತ್ತ ಹೋಗಿ, ಕೊನೆಯದರ ಮುಂದೆ ಕೂತ. ಅಲ್ಲಿಂದ ಒಂದೂ ಮಾತಿಲ್ಲದೆ ಅಕ್ಷರದ ಗುಂಡಿಗಳ ಮೇಲೆ ಏನೋ ಬಡಿದ. ನಜಮಾಳ ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಮೂಡಿತು. ನನಗೆ ಓದಲು ಬರಲಿಲ್ಲ. ಬಾಯಿಯವರು ನನ್ನ ಕಿವಿಯಲ್ಲಿ ಓದಿದರು: ತಪ್ಪಾತು ನಜಮಾ.

ಅವಳು ಅದನ್ನು ಓದಿದಳು. ಆಮೇಲೆ ತಾನೂ ಬಡಿದಳು. ಆ ಸಾಲು ಓದಿದ ವಾಸುದೇವನ ಕಿವಿ ಕೆಂಪಗಾದವು. ನಾನು ಹೋಗಿ ಅವನ ಬೆನ್ನ ಹಿಂದೆ ನಿಂತು, ಏನಂತ ಬರದಾಳ, ಎಲ್ಲಾರಿಗೂ ಕೇಳೂವಂಗ ಓದು ಎಂದೆ.

"ಬಾಯಿಲೆ ಹೇಳ್ರಿ ಸರ್," ಎಂದು ಅವನು ಓದಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸಪ್ಪಳ. ಗಿರಣಿಯವರು ಮೂವರು ಬಾಗಿಲಿಗೆ ಬಂದು ನಿಂತರು. ವಾಸುದೇವ ಎದ್ದ. ಅವರಿಗೆ ನಮಸ್ಕಾರವನ್ನೂ ಮಾಡಲಿಲ್ಲ.

"ಇವತ್ತು ಮುಂಜಾನಿ ನಾನು ಎಲ್ಲಾರ ಮುಂದ ಈ ಹುಡುಗಿಗೆ ಕಳ್ಳಿ ಅಂದೆ," ಎಂದ. "ಸುಳ್ಳು ಅಂದೆ. ಎಲ್ಲಾರ ಮುಂದ ತಪ್ಪಾತು ಅಂತೀನಿ."

ಬಂದವರು ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಹಿರಿಯನಾದವನು ಒಂದು ಹೆಜ್ಜೆ ಒಳಗಿಟ್ಟ.

ನಜಮಾ ಕೂತಲ್ಲಿಂದಲೇ ತಿರುಗಿದಳು. "ಬರ್ರಿ," ಎಂದಳು. "ಬೂಟು ಹೊರಗ ಬಿಟ್ಟು ಬರ್ರಿ. ಧೂಳ ಆಗೂದಿಲ್ಲ ಇವಕ್ಕ."

ಮೂವರೂ ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು.