ಗೇಟಿನ ಬೆಲ್ ಕೂಗಲಿಲ್ಲ

ಬೆಳಿಗ್ಗೆ ಹನ್ನೊಂದೂಕಾಲಿಗೆ ವಿಶೇಷ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ಒಂಬತ್ತು ವರ್ಷದ ಹುಡುಗಿ ಕಾಣೆ. ಹಳದಿ ಫ್ರಾಕು, ಮಾತು ಬಾರದು, ಕೂಗಿ ಕರೆದರೂ ತಿರುಗಿ ನೋಡುವವಳಲ್ಲ. ದೂರು ಬರೆಸಿಕೊಳ್ಳುತ್ತಲೇ ಇನ್ಸ್‌ಪೆಕ್ಟರ್ ಟೋಪಿ ಕೈಗೆತ್ತಿಕೊಂಡರು.

“ನೀರು ಕಂಡರೆ ಓಡ್ತಾಳೆ ಸಾರ್” ಎಂದರು ಆಕೆ.

ಅಷ್ಟು ಕೇಳಿದ್ದೇ ಜೀಪು ಶಾಲೆಯ ಹಿಂದೆ ಏಳುತ್ತಿದ್ದ ಕಟ್ಟಡದ ಕಡೆ ತಿರುಗಿತು. ಅಲ್ಲಿನ ಕಾವಲುಗಾರ ಎದೆಯುಬ್ಬಿಸಿ ನಿಂತ. “ನನ್ನ ಕಣ್ಣು ತಪ್ಪಿಸಿ ಒಂದು ಇರುವೆಯೂ ಒಳಗೆ ಹೋಗಲ್ಲ ಸಾರ್.”

ನೆಲದಡಿಯ ನೀರಿನ ತೊಟ್ಟಿಗೆ ಮುಚ್ಚಿದ್ದ ಹಲಗೆ ಸರಿದಿತ್ತು. ಬಗ್ಗಿ ನೋಡಿದ ಪೇದೆ ಮೇಲೇಳಲಿಲ್ಲ. ನೀರಿನ ಮೇಲೆ ಹಳದಿ ಬಟ್ಟೆ ಉಬ್ಬಿಕೊಂಡಿತ್ತು.

ಪಂಚನಾಮೆ ಮುಗಿಯುವಾಗ ಎರಡು ಗಂಟೆ. ಮರಳಿನ ಗುಡ್ಡೆಯ ಮೇಲೆ ಕೂತಿದ್ದ ಹುಡುಗಿಯ ತಂದೆ ಒಂದೇ ಮಾತು ಕೇಳುತ್ತಿದ್ದ. “ಗೇಟು ತೆಗೆದರೆ ಬೆಲ್ ಹೊಡ್ಕೊಳ್ಳುತ್ತೆ ಅಂದಿದ್ರು ಸಾರ್. ಅದನ್ನ ನಂಬ್ಕೊಂಡೇ ಬಿಟ್ಟು ಹೋಗ್ತಿದ್ದೆ. ಇವತ್ತೇನಾಯ್ತು ಅದಕ್ಕೆ?”

ಇನ್ಸ್‌ಪೆಕ್ಟರ್ ಶಾಲೆಗೆ ಹೋಗಿ ಗೇಟು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಸದ್ದಿಲ್ಲ. ಸ್ಟೂಲು ಹತ್ತಿ ಬೆಲ್ಲಿನ ಡಬ್ಬಿ ಬಿಚ್ಚಿಸಿದರು. ವೈರು ತುಂಡಾಗಿತ್ತು. ಇಲಿಯ ಕೆಲಸವಲ್ಲ; ಮಕ್ಕಳಿಗೆ ಶಾಕ್ ಹೊಡೆಯದಿರಲೆಂದು ಯಾರೋ ತುದಿಗೆ ಗಾಯಕ್ಕೆ ಹಚ್ಚುವ ಪಟ್ಟಿ ಸುತ್ತಿದ್ದರು.

ಅಂಥದೇ ಪಟ್ಟಿ ವರಾಂಡದಲ್ಲಿ ಕೂತಿದ್ದ ಹುಡುಗನೊಬ್ಬನ ಹಣೆಯ ಮೇಲಿತ್ತು. ಪಕ್ಕದಲ್ಲಿದ್ದವಳು ಶಾಲೆಯ ಆಯಾ, ಅವನ ತಾಯಿ.

“ಈ ಪಟ್ಟಿ ಹಾಕಿದ್ದು ಯಾರಮ್ಮಾ?”

“ನಾನೇ ಸಾರ್.”

“ಗೇಟಿನ ವೈರಿಗೆ?”

ಆಕೆ ಸುಳ್ಳಿನ ಗೋಜಿಗೆ ಹೋಗಲಿಲ್ಲ. “ಅದೂ ನಾನೇ.”

“ಯಾಕೆ?”

“ಆ ಬೆಲ್ ಕೂಗಿದ್ರೆ ಸಾಕು, ಇವನು ಗೋಡೆಗೆ ತಲೆ ಚಚ್ಚಿಕೊಳ್ತಾನೆ. ರಕ್ತ ಬಂದ್ರೂ ಬಿಡಲ್ಲ. ಮೇಡಂಗೆ ಎಷ್ಟೋ ಸಲ ಹೇಳಿದೆ. ಕಷ್ಟ ಆದ್ರೆ ಬೇರೆ ಶಾಲೆ ನೋಡು ಅಂದ್ರು. ಬೇರೆ ಶಾಲೆ ಎಲ್ಲಿದೆ ಸಾರ್?”

ಮುಖ್ಯೋಪಾಧ್ಯಾಯಿನಿ ತಲೆ ತಗ್ಗಿಸಿದರು.

“ವೈರು ಕತ್ತರಿಸಿದ ಮೇಲೆ ಗೇಟು ಯಾರು ನೋಡ್ಕೊಳ್ತಿದ್ರು?”

“ನಾನೇ. ಅದರ ಮುಂದೇನೇ ಕೂತಿರ್ತಿದ್ದೆ. ಊಟಾನೂ ಅಲ್ಲೇ. ಇವತ್ತು ಇವನು ಬಟ್ಟೆ ಒದ್ದೆ ಮಾಡ್ಕೊಂಡ. ತೊಳೆಯೋಕೆ ಒಳಗೆ ಹೋದೆ.” ಆಕೆ ಕೈಬಳೆಗಳನ್ನು ಮುಂಗೈ ಮೇಲಕ್ಕೆ ಸರಿಸಿದಳು. “ಆ ಮಗು ದಿನಾ ಬಂದು ನನ್ನ ಬಳೆ ತಿರುಗಿಸ್ತಿತ್ತು ಸಾರ್.”

ಸಂಜೆ ಐದಕ್ಕೆ ಠಾಣೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವೆಂದು ಎಫ್‌ಐಆರ್ ದಾಖಲಾಯಿತು. ಬರೆಯುತ್ತಿದ್ದ ಪೇದೆ ಪೆನ್ನು ನಿಲ್ಲಿಸಿದ. “ಕಾರಣ ಏನಂತ ಹಾಕಲಿ ಸಾರ್?”

“ಮಗನಿಗೆ ನೋವಾಗದಿರಲಿ ಅಂತ. ಹಾಗೇ ಬರಿ.”

ಶಾಲೆಗೆ ಮರಳಿದ ಮೇಲೆ ಮಹಿಳಾ ಪೇದೆ ಆಯಾಳ ತೋಳು ಹಿಡಿದಾಗ ಹುಡುಗನೂ ಎದ್ದು ಹಿಂದೆಯೇ ಹೊರಟ. ಜೀಪಿನ ಬಳಿ ಇನ್ಸ್‌ಪೆಕ್ಟರ್ ಕೇಳಿದರು, “ಇವನನ್ನ ನೋಡ್ಕೊಳ್ಳೋಕೆ ಮನೇಲಿ ಯಾರಿದ್ದಾರೆ?”

“ನಾನಿದ್ದೀನಲ್ಲ ಸಾರ್” ಎಂದುಬಿಟ್ಟಳು. ತನ್ನ ಮಾತು ತನ್ನದೇ ಕಿವಿಗೆ ಬಿದ್ದ ಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.